ನೂರರಾಗ ಒಂದು

ಭೋಸರಿ ಕಾರ್ಖಾನ್ಯಾಗ ಇಪ್ಪತ್ತೆಂಟು ವರ್ಷ
ನನ್ನ ಕೆಲಸ ಇಷ್ಟ:
ನೂರು ಬೋಲ್ಟಿನ್ಯಾಗ ಕಣ್ಣು ಮುಚ್ಚಿ ಒಂದು ಎತ್ತೂದು,
ಯಂತ್ರದ ದವಡ್ಯಾಗ ಸಿಗಿಸಿ ಹರಿಯೂತನಕ ಎಳಿಯೂದು,
ಎಷ್ಟಕ್ಕ ಹರೀತು, ಬರಕೊಳ್ಳೂದು.
ಉಳಿದ ತೊಂಬತ್ತೊಂಬತ್ತು
ಎಣ್ಣಿ ಬಳಕೊಂಡು ಲಾರಿ ಹತ್ತತಿದ್ದುವು.
ಹರಿದದ್ದು ಭಂಗಾರಕ್ಕ.
ಮರಾಠಿ ಭಂಗಾರ, ಅಂದ್ರ ಗುಜರಿ.
ಇಂಡಿಯಿಂದ ಹೊಸದಾಗಿ ಬಂದಾಗ ಬೋರ್ಡು ನೋಡಿ
ಓಣಿಗೊಂದು ಬಂಗಾರದಂಗಡಿ, ಎಂಥಾ ಊರಪ್ಪಾ ಅಂದಿದ್ದೆ.

ಈಗ ಬೆರಳ ಸಂದಿನ್ಯಾಗ ಬೆಂಕಿ.
ಮೈಕ್ರೋಮೀಟರ್ ಹಿಡಿದ ಕೈಗೆ
ಅಂಗಿ ಗುಂಡಿ ಬಗ್ಗೂದಿಲ್ಲ; ನೀಲವ್ವ ಹಾಕ್ತಾಳ,
ಬ್ಯಾರೆ ಕಡೆ ನೋಡಿಕೋತ.

ರಾಸ್ತಾ ಪೇಠಿ ಆಸ್ಪತ್ರಿ, ಮೂರನೇ ಮಜಲು.
ತನ್ವಿ ಗಾವಡೆ ಅನ್ನೂ ಹುಡುಗಿ
ಇಪ್ಪತ್ತೆರಡು ಪುಟದ ಕಾಗದ ಮುಂದಿಟ್ಟಳು:
"ಕಾಕಾ, ಹೊಸಾ ಗುಳಿಗಿ. ಅರ್ಧ ಮಂದಿಗೆ ಖರೇದು,
ಅರ್ಧ ಮಂದಿಗೆ ಬರೇ ಹಿಟ್ಟು.
ಯಾರಿಗೆ ಯಾವುದು, ನನಗೂ ಗೊತ್ತಿಲ್ಲ,
ಡಾಕ್ಟರಿಗೂ ಗೊತ್ತಿಲ್ಲ."
ಡಾಕ್ಟರಿಗೆ ಗೊತ್ತಿಲ್ಲ ಅನ್ನೂ ಮಾತು
ನಾ ಕೇಳಿದ್ದು ಅದ ಮೊದಲು.

ಮರಾಠಿದು, ಹಿಂದೀದು, ಇಂಗ್ಲಿಷಿಂದು ಇತ್ತು.
ಮೂರೂ ಒಂದೀಟು ಓದಬಲ್ಲೆ. ಆದ್ರೂ ಹೇಳಿದೆ:
ಸಹಿ ಮಾಡೂದಿದ್ರ ಕನ್ನಡದಾಗ ಓದಿ ಮಾಡ್ತೀನಿ.
ಹದಿನೇಳು ದಿನ ಹಿಡೀತು ಬರಾಕ.
ಅಲ್ಲೀತನಕ ಬಾಕಿನ ಮ್ಯಾಲಿನ ಮಾತು ಕೇಳಿದೆ.

"ನಾವೇನು ಇಲಿ ಏನ್ರೀ?" ಅಂದ ದಗಡೂ ಶೇಳಕೆ,
ಬಾಟ್ಲಿ ನೀರು ಖಾಲಿ ಮಾಡಿ ಎದ್ದು ಹೋದ, ತಿರುಗಿ ಬರಲಿಲ್ಲ.
ಝೈನಬ್ ಬೀ ಸಹಿ ಮಾಡ್ಯಾಳ:
ರಕ್ತದ ತಪಾಸಣಿ ಪುಕ್ಕಟ, ರಿಕ್ಷಾದ ರೊಕ್ಕ ಕೈಯಾಗ,
ಮತ್ತ ಶುಕ್ರವಾರಕ್ಕೊಮ್ಮೆ ಫೋನು ಮಾಡಿ
ನಿದ್ದಿ ಬಂತೇನಮ್ಮಾ ಅಂತ ಕೇಳ್ತಾರಂತ.
"ಮನ್ಯಾಗ ಐದು ಮಂದಿ, ಒಬ್ಬರೂ ಕೇಳಾಂಗಿಲ್ಲ.
ಗುಳಿಗಿ ಹಿಟ್ಟs ಇರಲಿ, ಫೋನು ಹಿಟ್ಟಲ್ಲ."
ಒಂದು ಸಣ್ಣ ಹುಡುಗಿ, ಮದಿವಿ ಆಗಬೇಕು,
ಕಾಗದಕ್ಕ ಹೆಸರು ಬಿದ್ರ ರೋಗ ಖಾಯಂ ಅಕ್ಕೈತಿ ಅಂದಂಗ
ಪೆನ್ನಿನ ಮುಚ್ಚಳ ತಗದು ಹಾಕಿ, ತಗದು ಹಾಕಿ...

ಕನ್ನಡ ಪ್ರತಿ ಬಂತು.
ಒಂಬತ್ತನೇ ಪುಟದಾಗ:
"ಯಾದೃಚ್ಛಿಕವಾಗಿ ವಿಂಗಡಿಸಲಾಗುವುದು."
ನನ್ನ ತಾಯಿಮಾತು, ನನಗ ತಿಳೀಲಿಲ್ಲ.
ಮೆಂತೆ ಪಲ್ಲೆ ಸೋಸತಿದ್ದ ನೀಲವ್ವಗ
ತನ್ವಿ ಹೇಳಿದ್ದಷ್ಟೂ ಹೇಳಿದೆ.
"ಕಣ್ಣು ಮುಚ್ಚಿ ಎತ್ತೂದು ಅಂತ ಅದ.
ನಿಮ್ಮ ಬೋಲ್ಟಿನ ಗತೆ" ಅಂದಳು.

ಅವತ್ತು ರಾತ್ರಿ ಕಣ್ಣು ಹತ್ತಲಿಲ್ಲ.
ಇಪ್ಪತ್ತೆಂಟು ವರ್ಷದಾಗ
ಒಂದು ಬೋಲ್ಟಿಗೂ ಕೇಳಿರಲಿಲ್ಲ ನಾ.
ಇವರು ಇಪ್ಪತ್ತೆರಡು ಪುಟ ಕೇಳ್ಯಾರ.
ಯಾವಾಗ ಬೇಕಾದ್ರೂ ಬಿಟ್ಟು ಹೋಗಬಹುದು,
ಕಾರಣ ಹೇಳಬೇಕಾಗಿಲ್ಲ ಅಂತ ಬರದಾರ.
ದವಡ್ಯಾಗ ಸಿಕ್ಕ ಬೋಲ್ಟು
ಸಾಕು, ಇಳಿಸ್ರಿ ಅಂದಿದ್ರ
ನಾ ಇಳಸತಿದ್ದೆನೇನು?

ಹದಿನೆಂಟನೇ ಪುಟ, ಸಣ್ಣ ಅಕ್ಷರ:
"ಯಕೃತ್ತಿಗೆ ಹಾನಿ. ವಿರಳವಾಗಿ, ಸಾವು."
ವಿರಳ ಅಂದ್ರ ನೂರರಾಗ ಎಷ್ಟವ್ವಾ?
"ಅದನ್ನ ತಿಳಿಯಾಕs ನೀವು ಬೇಕು ಕಾಕಾ."
ಸುಳ್ಳು ಹೇಳಲಿಲ್ಲ ಹುಡುಗಿ.
ಒಂದು ಸುಳ್ಳು ಹೇಳಿದ್ರ ಏನಾಗತಿತ್ತು ಅಂತ
ಸಿಟ್ಟೂ ಬಂತು.

ಪೆನ್ನು ಹಿಡಿಯಾಕ ಬರಲಿಲ್ಲ.
ಹೆಬ್ಬೆಟ್ಟು ಒತ್ರಿ, ನಡೀತದ ಅಂದ್ರು.
ಬ್ಯಾಡ ಅಂದೆ.
ಪುಟಕ್ಕೊಂದು ಇಪ್ಪತ್ತೆರಡು ಸಹಿ,
ಕಡೀದು ನನ್ನ ಹೆಸರಿನಂಗ ಕಾಣಲಿಲ್ಲ.

ಇದು ನಾಕನೇ ವಾರ.
ಗುಳಿಗಿ ನುಂಗೂ ಮೊದಲು
ಹಳೇ ಚಟ, ಬೆಳಕಿಗೆ ಹಿಡಿದು ನೋಡ್ತೀನಿ:
ಅಂಚು ಸರಿ ಅದ, ಗೀರಿಲ್ಲ.
ಬೆರಳು ಹಂಗs ಅದಾವ.
ಇಲ್ಲಾ, ಒಂದೀಟು ಹಗುರ. ಹೇಳಾಕ ಬರೂದಿಲ್ಲ.
ಕೆಳಗ ಓಣ್ಯಾಗ ಗಾಡಿಯವ
ಭಂಗಾರ್, ಭಂಗಾರ್ ಅಂತ ಕೂಗಿಕೋತ ಬಂದ.
ನೀಲವ್ವ ನನ್ನ ಕಡೀ ಗುಂಡಿ ಹಾಕ್ಕೋತ
"ನಮ್ಮಲ್ಲಿ ಏನೂ ಇಲ್ಲ, ಮುಂದ ಹೋಗು" ಅಂದಳು,
ಕನ್ನಡದಾಗ.
ಅವಗ ತಿಳೀತು ಕಾಣ್ತದ. ಹೋದ.